ಬಿತ್ತುವಟ್ಟದಿಂದ ಕೃಷಿ ಹೊಂಡದವರೆಗೆ

ಬರ ಬಂದ ಮೇಲೆ ಪರಿಹಾರ ಹಂಚುವುದಕ್ಕಿಂತ, ಮೊದಲೇ ನೀರು ಹಿಡಿದಿಡಲು ರೈತನಿಗೆ ನೆರವಾಗುವುದು ಲೇಸು. ಈ ವಿವೇಕ ಕರ್ನಾಟಕಕ್ಕೆ ಹೊಸತೇನಲ್ಲ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ದುರಸ್ತಿ ಮಾಡಿಸಿದವರಿಗೆ ಭೂಮಿಯನ್ನು ‘ಕಟ್ಟುಕೊಡಗೆ’ಯಾಗಿ ಬಿಟ್ಟುಕೊಟ್ಟ ಶಾಸನಗಳು ಹಲವಾರಿವೆ. ಕೆರೆಯ ನಿರ್ವಹಣೆಗೆಂದೇ ಮೀಸಲಿಟ್ಟ ದತ್ತಿಗೆ ‘ಬಿತ್ತುವಟ್ಟ’ ಎಂದು ಹೆಸರು. ಹೂಳೆತ್ತುವ ಖರ್ಚು ಹೀಗೆ ಊರಿನ ನೆಲದಿಂದಲೇ ಹುಟ್ಟುತ್ತಿತ್ತು.

1876-78ರ ಮಹಾಕ್ಷಾಮ ದಕ್ಷಿಣ ಭಾರತವನ್ನೇ ನಡುಗಿಸಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬಳಿಕ ಬ್ರಿಟಿಷ್ ಸರ್ಕಾರ 1883 ಮತ್ತು 1884ರಲ್ಲಿ ಎರಡು ಕಾಯಿದೆಗಳನ್ನು ತಂದಿತು. ಬಾವಿ, ಒಡ್ಡುಗಳಿಗೆ ಒಂದು. ಬೀಜ, ಎತ್ತುಗಳಿಗೆ ಇನ್ನೊಂದು. ಜನರ ಬಾಯಲ್ಲಿ ಇದು ‘ತಗಾವಿ’. ಆದರೆ ತಗಾವಿ ಸಾಲವೇ ಹೊರತು ಸಹಾಯಧನವಲ್ಲ. ಕಂತು ತಪ್ಪಿದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿತ್ತು. ಮಳೆ ಹೋದರೆ ನಷ್ಟವೆಲ್ಲ ರೈತನ ತಲೆಗೇ.

2014ರಲ್ಲಿ ಬಂದ ‘ಕೃಷಿ ಭಾಗ್ಯ’ ಈ ಲೆಕ್ಕವನ್ನು ಬದಲಿಸಿತು. ಮಳೆಯಾಶ್ರಿತ ಹೊಲಗಳಲ್ಲಿ ಕೃಷಿ ಹೊಂಡ ತೋಡಿಸಲು ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90ರಷ್ಟು ಸಹಾಯಧನ ನಿಗದಿಯಾಯಿತು. ಬೆಳೆ ಬಾಡುವ ಹೊತ್ತಿಗೆ ಒಂದೆರಡು ಬಾರಿ ನೀರುಣಿಸಿ ಫಸಲು ಉಳಿಸಿಕೊಳ್ಳುವುದು ಇದರ ಉದ್ದೇಶ.

ಆದರೂ ವ್ಯತ್ಯಾಸವೊಂದುಂಟು. ಕೆರೆ ಊರಿನದು, ಹೊಂಡ ಒಬ್ಬನದು. ತೋಡುವುದು ಒಮ್ಮೆಯ ಕೆಲಸ. ಹೂಳೆತ್ತುವುದು, ಹರಿದ ಪಾಲಿಥಿನ್ ಹೊದಿಕೆ ಬದಲಿಸುವುದು ಮುಗಿಯದ ಕೆಲಸ. ಮಳೆ ದಿನೇ ದಿನೇ ನಂಬಿಕೆಗೆಡುತ್ತಿರುವಾಗ, ಕಟ್ಟುವುದಕ್ಕಷ್ಟೇ ಅಲ್ಲ, ಕಾಪಾಡುವುದಕ್ಕೂ ಹಣ ತೆಗೆದಿಡಬೇಕೆಂಬ ಬಿತ್ತುವಟ್ಟದ ಪಾಠವನ್ನು ಇಂದಿನ ಯೋಜನೆಗಳು ಮರೆಯುವಂತಿಲ್ಲ.