ಎರಡು ಮಾರು ತಂತಿ

ಕಳೆದ ಬೇಸಿಗೆಯಲ್ಲಿ ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತು. ಎಲೆಕ್ಟ್ರಾನಿಕ್ಸ್ ಕೆಲಸದಿಂದ ನಿವೃತ್ತನಾಗಿ ಊರಿಗೆ ಮರಳಿರುವ ಆತ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದಿದ್ದಾನೆ. ಹೊಲದ ಮನೆಯ ಅಂಗಳದಲ್ಲಿ ಬಿದಿರುಗಳಕ್ಕೆ ಹತ್ತು ಮೀಟರ್ ತಂತಿ ಕಟ್ಟಿ ನಿಲ್ಲಿಸಿದ್ದ. ಅಂಗೈಯಗಲದ ಯಂತ್ರವೊಂದನ್ನು ನನ್ನ ಕೈಗಿತ್ತು, "ಸರ, ಚಾಳೀಸು ಹಾಕ್ಕೊಂಡು ನೋಡ್ರಿ, ತಂತಿ ಏನು ಹೇಳ್ತದ ಅಂತ" ಎಂದ. ಅದರ ಹೆಸರು ವೆಕ್ಟರ್ ನೆಟ್‌ವರ್ಕ್ ಅನಲೈಸರ್. ಆ ಪುಟ್ಟ ಪರದೆಯನ್ನು ನೋಡುತ್ತ ನನಗೆ 1973ರ ಒಂದು ಪ್ರಸಂಗ ನೆನಪಾಗಿ ನಾಚಿಕೆಯಾಯಿತು. ಆ ಪ್ರಸಂಗಕ್ಕೆ ಬರುವ ಮೊದಲು ಸ್ವಲ್ಪ ಇತಿಹಾಸ ಹೇಳಬೇಕು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿಗೆ ರೇಡಿಯೋ ಎಂದರೆ ಹೈದರಾಬಾದೇ. 1935ರಲ್ಲಿ ನಿಜಾಮ್ ಸರ್ಕಾರ ತನ್ನದಾಗಿಸಿಕೊಂಡ ಆ ಕೇಂದ್ರ 'ಡೆಕ್ಕನ್ ರೇಡಿಯೋ' ಎಂದು ಹೆಸರಾಗಿತ್ತು. ಉರ್ದುವಿನದೇ ಮೇಲುಗೈ, ಕನ್ನಡಕ್ಕೂ ಒಂದಿಷ್ಟು ವೇಳೆ ಇತ್ತು. 1950ರ ಏಪ್ರಿಲ್‌ನಲ್ಲಿ ಅದು ಆಕಾಶವಾಣಿಯಲ್ಲಿ ವಿಲೀನವಾಯಿತು. ನಮ್ಮದೇ ಗುಲಬರ್ಗಾ ಕೇಂದ್ರ ಆರಂಭವಾದದ್ದು 1966ರಲ್ಲಿ. ಅದರ ಮಧ್ಯಮ ತರಂಗ ಪ್ರಸಾರ 1107 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು, ಅಂದರೆ ತರಂಗಾಂತರ ಸುಮಾರು 271 ಮೀಟರ್. ಇಂಥ ಕೇಂದ್ರಗಳಲ್ಲಿ ಎತ್ತರದ ಕಬ್ಬಿಣದ ಮಾಸ್ಟೇ ಏರಿಯಲ್. ಅದರ ಬುಡದ ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಗಾಡಿಯ ಗಾಲಿಯ ಅರೆಕಾಲುಗಳಂತೆ ಹೂಳಿರುತ್ತಾರೆ. ನೆಲವೂ ಏರಿಯಲ್ಲಿನ ಅರ್ಧ ಭಾಗ ಎಂಬುದು ಎಂಜಿನಿಯರುಗಳಿಗೆ ತಿಳಿದಿತ್ತು. ನಮಗೆ ತಿಳಿದಿರಲಿಲ್ಲ.

ನಮಗೆ ತಿಳಿದಿದ್ದುದು ಎರಡು ಬಿದಿರುಗಳ, ಅವುಗಳ ನಡುವೆ ತಾಮ್ರದ ತಂತಿ, ತುದಿಗಳಲ್ಲಿ ಪಿಂಗಾಣಿಯ ಗುಂಡುಗಳು, ಕೆಳಗೆ ಇದ್ದಿಲು–ಉಪ್ಪು ತುಂಬಿದ ಗುಂಡಿಯಲ್ಲಿ ಹುಗಿದ ಅರ್ಥಿಂಗ್ ಕೊಳವೆ. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪಡೆದ ಲೈಸೆನ್ಸ್ ಪುಸ್ತಕ ರೇಡಿಯೋದ ಪಕ್ಕದಲ್ಲೇ ಇರುತ್ತಿತ್ತು. ಬೇಸಿಗೆಯಲ್ಲಿ ಭೀಮಾ ತೀರದ ಎರೆನೆಲ ಗೇಣುದ್ದ ಬಿರಿದಾಗ ರೇಡಿಯೋದಲ್ಲಿ ಗರಗರ ಹೆಚ್ಚಾಗುತ್ತಿತ್ತು. ಹಿರಿಯರು ಅರ್ಥಿಂಗಿಗೆ ಒಂದು ಕೊಡ ನೀರು ಹಾಕಿಸುತ್ತಿದ್ದರು. ಕಾರಣ ಹೇಳುವವರು ಯಾರೂ ಇರಲಿಲ್ಲ. ಕೊಡದ ನೀರು ಮಾತ್ರ ಕೆಲಸ ಮಾಡುತ್ತಿತ್ತು.

ಆ ಕಾರಣಕ್ಕೆ ಒಂದು ಹೆಸರಿದೆ: ಇಂಪೀಡೆನ್ಸ್. ತೆಳುವಾದ ಹಗ್ಗಕ್ಕೆ ದಪ್ಪ ಮಿಣಿಯೊಂದನ್ನು ಗಂಟುಹಾಕಿ ತೆಳುವಾದ ಕಡೆಯಿಂದ ಒಮ್ಮೆ ಝಾಡಿಸಿ ನೋಡಿರಿ. ಅಲೆ ಗಂಟಿನವರೆಗೆ ಹೋಗಿ, ಒಂದಿಷ್ಟು ಮುಂದಕ್ಕೆ ಸಾಗಿ, ಉಳಿದದ್ದು ನಿಮ್ಮ ಕೈಗೇ ಮರಳುತ್ತದೆ. ಟ್ರಾನ್ಸ್‌ಮಿಟರ್‌ನಿಂದ ಕೇಬಲ್ಲಿನ ಮೂಲಕ ಏರಿಯಲ್ಲಿಗೆ ಹೋಗುವ ಶಕ್ತಿಯ ಕಥೆಯೂ ಇದೇ. ಎರಡರ ಸ್ವಭಾವ ಹೊಂದಿದರೆ ಶಕ್ತಿ ಮುಂದೆ ಹೋಗುತ್ತದೆ, ಹೊಂದದಿದ್ದರೆ ಮರಳುತ್ತದೆ. ಈ ಸ್ವಭಾವಕ್ಕೆ 1886ರಲ್ಲಿ ಇಂಪೀಡೆನ್ಸ್ ಎಂದು ಹೆಸರಿಟ್ಟವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಅದನ್ನು ಬರಿಯ ರೋಧವೆಂದು ಎಣಿಸದೆ ಎರಡು ಅಂಗಗಳ ಸಂಖ್ಯೆಯಾಗಿ ಬರೆದು ಲೆಕ್ಕಕ್ಕೆ ಒಗ್ಗಿಸಿದ 1893ರ ಲೇಖನ ಆರ್ಥರ್ ಕೆನೆಲಿಯದು. ಈ ಕೆನೆಲಿ ಹುಟ್ಟಿದ್ದು 1861ರಲ್ಲಿ, ನಮ್ಮ ಮುಂಬಯಿಯ ಕೊಲಾಬಾದಲ್ಲಿ! ತರಗತಿಯಲ್ಲಿ ಇದನ್ನು ನಿಮಗೆ ಹೇಳಲಿಲ್ಲವಲ್ಲ ಎಂದು ಈಗ ಅನಿಸುತ್ತದೆ. ನನಗೂ ಆಗ ಗೊತ್ತಿರಲಿಲ್ಲ. ರೇಡಿಯೋ ಅಲೆಗಳನ್ನು ಭೂಮಿಗೆ ಮರಳಿಸುವ ಪದರವೊಂದು ಆಕಾಶದಲ್ಲಿರಬೇಕೆಂದು 1902ರಲ್ಲಿ ಬೇರೆಬೇರೆಯಾಗಿ ಊಹಿಸಿದವರೂ ಇವರಿಬ್ಬರೇ. ಅಂಥ ಪದರಗಳಿಲ್ಲದಿದ್ದರೆ ಸಿಲೋನಿನ ಬಿನಾಕಾ ಗೀತಮಾಲಾ ನಮ್ಮ ಹಳ್ಳಿಗಳನ್ನು ಮುಟ್ಟುತ್ತಲೇ ಇರಲಿಲ್ಲ.

ಹೆಸರು ಬಂದರೂ ಅಳತೆ ಬಹುಕಾಲ ದೊಡ್ಡವರ ಸೊತ್ತಾಗಿಯೇ ಉಳಿಯಿತು. 1939ರಲ್ಲಿ ಬೆಲ್ ಪ್ರಯೋಗಾಲಯದ ಫಿಲಿಪ್ ಸ್ಮಿತ್ ದುಂಡನೆಯ ನಕ್ಷೆಯೊಂದನ್ನು ಪ್ರಕಟಿಸಿ ಲೆಕ್ಕವನ್ನು ಹಗುರ ಮಾಡಿದರು. 1967ರಲ್ಲಿ ಹ್ಯೂಲೆಟ್-ಪ್ಯಾಕಾರ್ಡ್ ಸಂಸ್ಥೆ 8410 ಎಂಬ ನೆಟ್‌ವರ್ಕ್ ಅನಲೈಸರನ್ನು ಹೊರತಂದಿತು. ಅದು ಪ್ರಯೋಗಾಲಯದ ಮೇಜು ತುಂಬುವ ಸಲಕರಣೆ. ಆಳಂದದ ಮಾಸ್ತರನೊಬ್ಬ ಅದನ್ನು ಚಿತ್ರದಲ್ಲಿ ಕಂಡಿದ್ದರೂ ಹೆಚ್ಚು.

ಅಳೆಯುವವರು ಎಲ್ಲೋ ಇದ್ದು ಏರಿಯಲ್ ಮಾತ್ರ ನಮ್ಮೂರಿಗೆ ಬಂದ ದೊಡ್ಡ ಉದಾಹರಣೆ 'ಸೈಟ್' ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತೋರಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ರಾಯಚೂರು ಹಾಗೂ ನಮ್ಮ ಗುಲಬರ್ಗಾ ಜಿಲ್ಲೆಯ ಹಳ್ಳಿಗಳು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಮೂರು ಮೀಟರ್ ಅಗಲದ, ಕೋಳಿಗೂಡಿನ ಜಾಲರಿಯಿಂದ ಮಾಡಿದ ಛತ್ರಿ ಆಕಾಶ ನೋಡುತ್ತ ನಿಂತಿರುತ್ತಿತ್ತು. ಇಷ್ಟು ತೂತುಗಳಿದ್ದರೆ ಅಲೆ ಸೋರಿಹೋಗದೆ ಎಂದು ಜನ ಕೇಳುತ್ತಿದ್ದರು. ನಾನೂ ಅವರೊಡನೆ ತಲೆಯಾಡಿಸಿದವನೇ. ಸಂಕೇತ ಬರುತ್ತಿದ್ದುದು 860 ಮೆಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಆ ಅಲೆಗೆ ಬೆರಳಗಲದ ತೂತು ತೂತೇ ಅಲ್ಲ. 1977ರಲ್ಲಿ ಗುಲಬರ್ಗಾಕ್ಕೆ ನೆಲದ ಮೇಲಿನ ಪ್ರಸಾರ ಯಂತ್ರವೂ ಬಂದಿತು.

ಈಗ ಅಂಗೈಯ ಯಂತ್ರಕ್ಕೆ ಬರೋಣ. ಜಪಾನಿನ ಹವ್ಯಾಸಿಯೊಬ್ಬರು 2016ರ ಸುಮಾರಿಗೆ ರೂಪಿಸಿ, ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟ 'ನ್ಯಾನೋ ವಿಎನ್‌ಎ' 2019ರಿಂದ ಚೀನಾದಲ್ಲಿ ತಯಾರಾಗಿ ಅಗ್ಗವಾಗಿ ಹರಡಿತು. ಮೊದಲ ಮಾದರಿಗಳ ವ್ಯಾಪ್ತಿ 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್. ನಮ್ಮ 1107 ಕಿಲೋಹರ್ಟ್ಸ್ ಕೂಡ, ಉಪಗ್ರಹದ 860 ಮೆಗಾಹರ್ಟ್ಸ್ ಕೂಡ ಅದರೊಳಗೇ! ಯಂತ್ರ ತೀರ ಸಣ್ಣ ಸಂಕೇತವೊಂದನ್ನು ತಂತಿಗೆ ಕಳುಹಿಸಿ, ಮರಳಿ ಬಂದದ್ದರ ಪ್ರಮಾಣವನ್ನೂ ಅದು ಎಷ್ಟು ಹಿಂದುಮುಂದಾಗಿ ಬಂದಿತೆಂಬುದನ್ನೂ ನೋಡಿ ಇಂಪೀಡೆನ್ಸನ್ನು ಲೆಕ್ಕ ಹಾಕುತ್ತದೆ. ಅಳೆಯುವ ಮುನ್ನ ಮೂರು ಪುಟ್ಟ ಮುಚ್ಚಳಗಳನ್ನು ಒಂದೊಂದಾಗಿ ತೊಡಿಸಬೇಕು: ಒಂದು ತೆರೆದದ್ದು, ಒಂದು ಕೂಡಿಸಿದ್ದು, ಮತ್ತೊಂದು 50 ಓಮ್ ರೋಧದ್ದು. ತೂಗುವ ಮೊದಲು ತಕ್ಕಡಿಯ ಪಾಸಂಗ ನೋಡುವುದೆಂದರೆ ಇದೇ.

ನನ್ನ ಶಿಷ್ಯ 7.1 ಮೆಗಾಹರ್ಟ್ಸ್‌ಗೆ ಗುರುತು ಇಟ್ಟ. ರೋಧ ಹೆಚ್ಚುಕಡಿಮೆ 50 ಓಮ್, ಮರಳುವ ಅಲೆ ಇಲ್ಲವೆನ್ನುವಷ್ಟು. "ಭೇಷ್, ನೂರಕ್ಕೆ ನೂರು!" ಎಂದೆ. ಆತ ನಕ್ಕ. "ಇಲ್ಲೇ ಮೋಸ ಅದ, ಸರ." ಒಳ್ಳೆಯ ನೆಲದ ಮೇಲೆ ನಿಂತ ಕಾಲು ತರಂಗದ ತಂತಿ ತೋರಿಸಬೇಕಾದದ್ದು ಸುಮಾರು 36 ಓಮ್. ಮಿಕ್ಕ 14 ಓಮ್ ನಮ್ಮ ಒಣಗಿ ಬಿರಿದ ಎರೆಮಣ್ಣಿನದು. ಶಕ್ತಿಯ ನೂರರಲ್ಲಿ 28 ಪಾಲು ಆಕಾಶಕ್ಕೆ ಹೋಗದೆ ಮಣ್ಣನ್ನು ಬಿಸಿ ಮಾಡುತ್ತಿತ್ತು. ಕೆಟ್ಟ ಅರ್ಥಿಂಗ್ ಅಂಕಿಯನ್ನು ಚಂದಗಾಣಿಸಿತ್ತು. ಬಾಯಿಪಾಠ ಮಾಡಿ ಪೂರ್ಣಾಂಕ ಪಡೆಯುವ ಹುಡುಗರನ್ನು ಕಂಡವನಾದರೂ ನಾನು ಇಲ್ಲಿ ಮೋಸಹೋದೆ. ಬುಡದಿಂದ ನಾಲ್ಕೂ ದಿಕ್ಕಿಗೆ ನೆಲದ ಮೇಲೆ ತಂತಿ ಹಾಸಿ, ಕೊಳವೆಯ ಬುಡಕ್ಕೆ ಎರಡು ಕೊಡ ನೀರು ಸುರಿದೆವು. ಅಂಕಿ ನಿಧಾನವಾಗಿ ಇಳಿದು 40ರ ಹತ್ತಿರ ನಿಂತಿತು. ಹೊಂದಾಣಿಕೆ ಮೊದಲಿಗಿಂತ ಕೊಂಚ ಕೆಟ್ಟಂತೆ ಕಂಡರೂ ಏರಿಯಲ್ ಉತ್ತಮವಾಗಿತ್ತು. ಹಿರಿಯರ ಕೊಡದ ನೀರಿಗೆ ಕಾರಣ ನನಗೆ ಸಿಕ್ಕಿದ್ದು ಅಂದು.

ಇನ್ನು 1973ರ ಮಾತು. ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಇದೇ ಹುಡುಗ, ಆಗ ಎಂಟನೆಯ ತರಗತಿ, ಶಾಲೆಯ ಏರಿಯಲ್ಲಿನಿಂದ ಎರಡು ಮಾರು ತಂತಿ ಕತ್ತರಿಸಿದ್ದ. ಕೇಳಿದ್ದಕ್ಕೆ, ಸಿಲೋನಿನ 41 ಮೀಟರ್ ಬ್ಯಾಂಡಿಗೆ ತಂತಿಯ ಉದ್ದ ಹೊಂದಬೇಕಂತೆ ಎಂದಿದ್ದ. ಏರಿಯಲ್ ಉದ್ದವಿದ್ದಷ್ಟೂ ಒಳ್ಳೆಯದು ಎಂದು ಗದರಿ ಎರಡು ಬೆತ್ತದೇಟು ಕೊಟ್ಟೆ. ಗುಲಬರ್ಗಾದ ಮಧ್ಯಮ ತರಂಗಕ್ಕೆ ನನ್ನ ಮಾತು ಬಹುಮಟ್ಟಿಗೆ ಸರಿ. ಅಷ್ಟು ದೊಡ್ಡ ಅಲೆಗೆ ಶಾಲೆಯ ತಂತಿ ಎಷ್ಟಿದ್ದರೂ ಗಿಡ್ಡವೇ. ಆದರೆ ಹುಡುಗ ಹೇಳಿದ್ದು ಸಿಲೋನಿನ ಮಾತು. ನಾನು ರೇಡಿಯೋದ ಗುಂಡಿ ತಿರುಗಿಸಿ ಕೇಳಿ ನೋಡಲಿಲ್ಲ. ಬೆತ್ತ ಕೈಯಲ್ಲಿದ್ದವನಿಗೆ ಅಳೆದು ನೋಡುವ ವ್ಯವಧಾನ ಎಲ್ಲಿಯದು?

ಸಂಜೆ ಚಹಾ ಕುಡಿಯುವಾಗ ಇದನ್ನೆಲ್ಲ ಎತ್ತಿ, "ತಪ್ಪಾಯಿತಪ್ಪಾ" ಎಂದೆ. ಆಮೇಲೆ ಐದು ದಶಕಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: "ತಂತಿ ಕತ್ತರಿಸಿದ ಮೇಲೆ ಸಿಲೋನ್ ಚೆನ್ನಾಗಿ ಕೇಳಿಸಿತೇನು?"

"ಯಾರಿಗ್ಗೊತ್ತು, ಸರ," ಎಂದ ಆತ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ. "ರೇಡಿಯೋ ಹಚ್ಚೋದ್ರಾಗ ನೀವು ಬಂದ್ರಿ."