ನಡುಮನೆಯಲ್ಲಿ ಹುಟ್ಟಿದ ಸಭೆ

ಉಣ್ಣೆ ನೂಲುವವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು ಮನೆಗಳ ಒಳಗೆ ಕುಳಿತು ಹೆಂಗಸರು ಮಕ್ಕಳಿಗೆ ಧರ್ಮ ಹೇಳಿಕೊಡುತ್ತಾರೆ, ಮನೆಯ ಯಜಮಾನ ಬಂದರೆ ಬಾಯಿ ಮುಚ್ಚುತ್ತಾರೆ ಎಂದು ಎರಡನೇ ಶತಮಾನದ ಗ್ರೀಕ್ ಚಿಂತಕ ಸೆಲ್ಸಸ್ ಕ್ರೈಸ್ತರನ್ನು ಹೀಗಳೆದಿದ್ದ. ಅವನ ಗ್ರಂಥ ಇಡಿಯಾಗಿ ಉಳಿದಿಲ್ಲ. ಸುಮಾರು ಕ್ರಿ.ಶ. 248ರಲ್ಲಿ ಅದಕ್ಕೆ ಉತ್ತರ ಬರೆದ ಒರಿಜೆನ್ ಅವನ ಮಾತುಗಳನ್ನು ಹೆಜ್ಜೆಹೆಜ್ಜೆಗೂ ಉದ್ಧರಿಸಿದ್ದರಿಂದ ಆ ಬೈಗುಳ ನಮಗೆ ದಕ್ಕಿದೆ. ವಿರೋಧಿಯ ಮಾತಾದ್ದರಿಂದ ಉತ್ಪ್ರೇಕ್ಷೆ ಇದ್ದೀತು. ಆದರೆ ಹೊಸ ಧರ್ಮಕ್ಕೆ ಶಿಷ್ಯರು ತಯಾರಾಗುತ್ತಿದ್ದ ಜಾಗವನ್ನು ಸೆಲ್ಸಸ್ ಸರಿಯಾಗಿಯೇ ಗುರುತಿಸಿದ್ದ.

ಮೊದಲ ತಲೆಮಾರುಗಳ ಕ್ರೈಸ್ತರಿಗೆ ಚರ್ಚು ಎಂಬ ಕಟ್ಟಡವೇ ಇರಲಿಲ್ಲ. ಮೊದಲ ಶತಮಾನದ ನಡುವಿನಲ್ಲಿ ಪೌಲ ಬರೆದ ಪತ್ರಗಳಲ್ಲಿ ಸಭೆ ಎಂದರೆ ಯಾರದೋ ಮನೆಯಲ್ಲಿ ಸೇರುವ ಜನ. ಅಕ್ವಿಲ ಮತ್ತು ಪ್ರಿಸ್ಕ ಎಂಬ ದಂಪತಿ ಗುಡಾರ ಮಾಡುವ ಕಸುಬಿನವರು. ಅವರ ಮನೆಯಲ್ಲೂ ಒಂದು ಸಭೆ ಕೂಡುತ್ತಿತ್ತು. ಸತ್ತವರ ಸುರಂಗಗಳಲ್ಲಿ ಅಡಗಿ ಆರಾಧನೆ ನಡೆಸುತ್ತಿದ್ದರು ಎಂಬ ಚಿತ್ರ ಸಿನಿಮಾಗಳಿಂದ ಜನಪ್ರಿಯವಾಗಿದೆ. ದಿನನಿತ್ಯದ ಕೂಟಗಳು ನಡೆಯುತ್ತಿದ್ದದ್ದು ಬದುಕಿದವರ ನಡುಮನೆಯಲ್ಲಿ.

ಮನೆ ಎಂದ ಮೇಲೆ ಮನೆಯ ತಾರತಮ್ಯವೂ ಬಂತು. ಊಟ ಹಾಕುವ ಒಡೆಯ ಒಬ್ಬ, ಎಂಜಲು ಎತ್ತುವ ಗುಲಾಮ ಇನ್ನೊಬ್ಬ. ಇಬ್ಬರೂ ಅದೇ ಸಭೆಯವರು. ಕೊರಿಂಥದಲ್ಲಿ ಪ್ರಭುಭೋಜನಕ್ಕೆ ಸೇರಿದಾಗ ಕೆಲವರು ಕುಡಿದು ಮತ್ತರಾಗುತ್ತಿದ್ದರು, ಕೆಲವರು ಹಸಿದೇ ಇರುತ್ತಿದ್ದರು. ಪೌಲ ಇದನ್ನು ಕಟುವಾಗಿ ಖಂಡಿಸಿದ. ಇನ್ನೂ ಸೂಕ್ಷ್ಮವಾದದ್ದು ಫಿಲೆಮೋನ ಎಂಬವನಿಗೆ ಬರೆದ ಪುಟ್ಟ ಪತ್ರ. ಅವನಿಂದ ದೂರವಾಗಿದ್ದ ಗುಲಾಮ ಓನೇಸಿಮ ಪೌಲನಿಂದ ಕ್ರೈಸ್ತನಾಗಿದ್ದ. ಅವನನ್ನು ಹಿಂದಕ್ಕೆ ಕಳಿಸುತ್ತಾ, ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಪೌಲ ಕೇಳುತ್ತಾನೆ. ಪತ್ರದ ವಂದನೆ ಫಿಲೆಮೋನನಿಗೆ ಮಾತ್ರವಲ್ಲ, ಅವನ ಮನೆಯಲ್ಲಿ ಕೂಡುವ ಸಭೆಗೂ ಸಲ್ಲುತ್ತದೆ. ಅಂದರೆ ಒಡೆಯ ಏನು ಮಾಡುತ್ತಾನೆ ಎಂದು ಇಡೀ ಸಭೆ ನೋಡುತ್ತಿರುತ್ತದೆ! ಆದರೆ ಗುಲಾಮಗಿರಿ ಅಳಿಯಲಿ ಎಂದು ಪೌಲ ಹೇಳಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮುಂದೆ ಈ ಕಲಿಕೆಗೆ ಕಟ್ಟುಪಾಡು ಬಂತು. ರೋಮಿನ ಹಿಪ್ಪೊಲಿಟಸ್‌ನ ಹೆಸರಿನಲ್ಲಿ ಬಂದಿರುವ 'ಅಪೊಸ್ತಲಿಕ ಸಂಪ್ರದಾಯ' ಎಂಬ ಕೃತಿಯ (ಅದರ ಕಾಲ, ಕರ್ತೃತ್ವಗಳ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ) ಪ್ರಕಾರ ದೀಕ್ಷಾಸ್ನಾನಕ್ಕೆ ಮೊದಲು ಮೂರು ವರ್ಷ ಪಾಠ ಕೇಳಬೇಕು. ಹೊಸಬನನ್ನು ಕರೆತಂದವರೇ ಅವನ ಪರವಾಗಿ ಸಾಕ್ಷಿ ಹೇಳಬೇಕು. ಗ್ಲಾಡಿಯೇಟರ್ ಆಗಿದ್ದರೆ ಆ ಕೆಲಸ ಬಿಡಬೇಕು, ಇಲ್ಲವೇ ಹಿಂದಿರುಗಬೇಕು. ಕೊನೆಯಲ್ಲಿ ಕೇಳುವ ಪ್ರಶ್ನೆಗಳು ಇನ್ನೂ ಸ್ವಾರಸ್ಯಕರ: ವಿಧವೆಯರನ್ನು ಗೌರವಿಸಿದನೇ? ರೋಗಿಗಳನ್ನು ನೋಡಲು ಹೋಗಿದ್ದನೇ? ಒಬ್ಬರ ಬದುಕು ಇನ್ನೊಬ್ಬರಿಗೆ ಗೊತ್ತಿರುವಷ್ಟು ಚಿಕ್ಕ ಗುಂಪಿನಲ್ಲಿ ಮಾತ್ರ ಇಂಥ ಪ್ರಶ್ನೆಗೆ ಅರ್ಥವಿರುತ್ತದೆ.

ಅಂಥ ಒಂದು ಮನೆ ನೆಲದಡಿಯಲ್ಲಿ ಉಳಿದುಕೊಂಡಿತ್ತು. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಂಡೆಯ ಡ್ಯೂರಾ ಯೂರೋಪಸ್ ರೋಮನ್ ಸೈನ್ಯ ಬೀಡುಬಿಟ್ಟಿದ್ದ ಗಡಿ ಪಟ್ಟಣ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ವಿದ್ವಾಂಸರು 1928ರಿಂದ 1937ರವರೆಗೆ ಅಲ್ಲಿ ಉತ್ಖನನ ನಡೆಸಿದಾಗ, ಪಶ್ಚಿಮದ ಕೋಟೆಗೋಡೆಯ ಮಗ್ಗುಲಲ್ಲಿ ಈ ಮನೆ ಸಿಕ್ಕಿತು. ನಮ್ಮ ತೊಟ್ಟಿಮನೆಯಂತೆ ನಡುವೆ ಅಂಗಳ, ಸುತ್ತ ಕೋಣೆಗಳು. ಸುಮಾರು 240ರ ಹೊತ್ತಿಗೆ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಸಭಾಂಗಣ ಮಾಡಿದ್ದಾರೆ. ಅದರ ಒಂದು ತುದಿಯಲ್ಲಿ ಪುಟ್ಟ ಜಗಲಿ. ಒತ್ತಿ ಕುಳಿತರೆ ಎಪ್ಪತ್ತು ಮಂದಿಗೆ ಜಾಗವಾದೀತು.

ಇನ್ನೊಂದು ಕೋಣೆಯಲ್ಲಿ ಕಂಬಗಳ ಮೇಲೆ ಮಂಟಪ ಹೊತ್ತ ದೀಕ್ಷಾಸ್ನಾನದ ತೊಟ್ಟಿ. ಗೋಡೆಗಳ ಮೇಲೆ ಕುರಿಮರಿ ಹೊತ್ತ ಕುರುಬ, ಹಾಸಿಗೆ ಹೊತ್ತು ನಡೆಯುವ ಪಾರ್ಶ್ವವಾಯು ರೋಗಿ, ನೀರಿನ ಮೇಲೆ ಹೆಜ್ಜೆಯಿಟ್ಟ ಪೇತ್ರ. ಬಾವಿಯಿಂದ ನೀರು ಸೇದುತ್ತಿರುವ ಹೆಂಗಸೂ ಇದ್ದಾಳೆ. ಅವಳು ಸಮಾರ್ಯದವಳೋ, ಯೇಸುವಿನ ತಾಯಿ ಮರಿಯಳೋ ಎಂಬ ಚರ್ಚೆ ಮುಗಿದಿಲ್ಲ. ಅನತಿ ದೂರದಲ್ಲೇ ಯಹೂದಿಗಳ ಪ್ರಾರ್ಥನಾ ಮಂದಿರ, ಮಿತ್ರ ದೇವತೆಯ ಗುಡಿ. ಇಷ್ಟು ಕಿಕ್ಕಿರಿದ ಪಟ್ಟಣದಲ್ಲಿ ಗೋಡೆ ಒಡೆದು ತೊಟ್ಟಿ ಕಟ್ಟಿದ್ದು ನೆರೆಯವರಿಗೆ ತಿಳಿಯದೆ ಇದ್ದೀತೇ?

ಸುಮಾರು 256ರಲ್ಲಿ ಪರ್ಷಿಯದ ಸಸಾನಿಯನ್ ಸೈನ್ಯ ಮುತ್ತಿಗೆ ಹಾಕಿತು. ಕೋಟೆಗೋಡೆಯನ್ನು ಬಲಪಡಿಸಲು ರೋಮನ್ ಸೈನಿಕರು ಅದರ ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಿದರು. ಪಟ್ಟಣ ಉಳಿಯಲಿಲ್ಲ, ಮಣ್ಣಿನಡಿಯ ಚಿತ್ರಗಳು ಉಳಿದವು. ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ 313ರಲ್ಲಿ ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟಾಗ ಆ ಮನೆ ಹೂತುಹೋಗಿ ಅರ್ಧ ಶತಮಾನ ಕಳೆದಿತ್ತು. ಮುಂದೆ ರಾಜಾಶ್ರಯದಲ್ಲಿ ಸಾವಿರಾರು ಜನ ನಿಲ್ಲಬಹುದಾದ ಬೆಸಿಲಿಕಾಗಳು ಎದ್ದವು. ದೀಕ್ಷೆಗೆ ಹೆಸರು ಕೊಟ್ಟವರ ಮುಖ್ಯ ಪಾಠ ಈಸ್ಟರ್‌ಗೆ ಮುಂಚಿನ ಕೆಲವು ವಾರಗಳಿಗೆ ಇಳಿಯಿತು.

ಡ್ಯೂರಾದ ಮನೆಯ ಚಿತ್ರಗಳನ್ನು ಗೋಡೆಯಿಂದ ಬಿಡಿಸಿ ಯೇಲ್‌ಗೆ ಸಾಗಿಸಲಾಯಿತು. 2011ರಲ್ಲಿ ಸಿರಿಯಾದಲ್ಲಿ ಶುರುವಾದ ಯುದ್ಧದ ಕಾಲದಲ್ಲಿ ಕಳ್ಳರು ನಿಧಿಗಾಗಿ ಆ ಹಾಳೂರನ್ನು ಅಗೆದುಹಾಕಿದ್ದಾರೆ. ಉಪಗ್ರಹ ಚಿತ್ರಗಳಲ್ಲಿ ಕೋಟೆಯ ಒಳಗೆಲ್ಲ ಗುಂಡಿಗಳೇ ಕಾಣುತ್ತವೆ.