ಕೈಲಾಸದ ದಾರಿಯಲ್ಲಿ ಚೀನಾದ ದಿನಚರಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಭಕ್ತರಿಗೆ ಕೈಲಾಸವೆಂದರೆ ಶಿವನ ನೆಲೆ. ಆ ಪರ್ವತ ಇರುವುದು ಚೀನಾದ ಆಡಳಿತದಲ್ಲಿರುವ ಟಿಬೆಟ್‌ನ ಪಶ್ಚಿಮ ಅಂಚಿನಲ್ಲಿ. 1962ರಲ್ಲಿ ಭಾರತದೊಡನೆ ಯುದ್ಧ ಮಾಡಿದ, ಗಡಿಯ ತಕರಾರು ಇಂದಿಗೂ ಬಗೆಹರಿಯದ ದೇಶವದು. ಚೀನಾ ನೋಡಬೇಕೆಂಬ ಆಸೆಯೇ ಇಲ್ಲದವರೂ ಯಾತ್ರೆಯ ನೆಪದಲ್ಲಿ ಕಮ್ಯುನಿಸ್ಟ್ ಆಡಳಿತದ ದಿನನಿತ್ಯವನ್ನು ಕಂಡು ಬರುತ್ತಾರೆ. ಎಷ್ಟು ಕಾಣಬಹುದು ಎಂಬುದನ್ನು ಮಾತ್ರ ಅಲ್ಲಿನ ಸರ್ಕಾರವೇ ಗೊತ್ತುಮಾಡುತ್ತದೆ.

ತೆರೆದ ದಾರಿ, ಮುಚ್ಚಿದ ದಾರಿ

1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಸಹಿ ಹಾಕಿದ ಟಿಬೆಟ್ ಒಪ್ಪಂದದಲ್ಲಿ ವ್ಯಾಪಾರದ ಜೊತೆಗೆ ಕೈಲಾಸ–ಮಾನಸ ಸರೋವರದ ಯಾತ್ರೆಗೂ ಅವಕಾಶವಿತ್ತು. 1962ರಲ್ಲಿ ಆ ಒಪ್ಪಂದದ ಅವಧಿ ಮುಗಿಯಿತು, ಅದೇ ವರ್ಷ ಯುದ್ಧವೂ ನಡೆಯಿತು. ಮುಂದೆ ಸುಮಾರು ಎರಡು ದಶಕ ದಾರಿ ಬಂದ್. 1981ರಲ್ಲಿ ಉತ್ತರಾಖಂಡದ ಲಿಪುಲೇಖ್ ಕಣಿವೆಯ ಮೂಲಕ ಯಾತ್ರೆ ಮತ್ತೆ ಶುರುವಾಯಿತು. 2015ರಲ್ಲಿ ಸಿಕ್ಕಿಂನ ನಾಥು ಲಾ ಮಾರ್ಗವೂ ತೆರೆಯಿತು. ಎರಡೇ ವರ್ಷದಲ್ಲಿ ಭಾರತ–ಚೀನಾ ನಡುವಿನ ಡೋಕ್ಲಾಂ ಗಡಿ ಬಿಕ್ಕಟ್ಟಿನಿಂದ ಆ ವರ್ಷದ ಮಟ್ಟಿಗೆ ನಾಥು ಲಾ ನಿಂತಿತು. 2020ರಿಂದ ಕೊರೊನಾ, ಲಡಾಖ್ ಗಡಿಯ ಸಂಘರ್ಷ ಎರಡೂ ಸೇರಿ ಯಾತ್ರೆಯೇ ನಿಂತಿತು. 2025ರಲ್ಲಿ ಮರಳಿ ಆರಂಭವಾದಾಗ 750 ಮಂದಿಗೆ ಅವಕಾಶ ಸಿಕ್ಕಿತು. ಎರಡು ಸರ್ಕಾರಗಳ ನಡುವೆ ಮಾತು ಕೆಟ್ಟಾಗಲೆಲ್ಲ ಮೊದಲು ಮುಚ್ಚುವುದು ಈ ದಾರಿಯೇ.

ಹೋಗುವ ಬಗೆ

ವಿದೇಶಾಂಗ ಸಚಿವಾಲಯ ಆನ್‌ಲೈನ್ ಅರ್ಜಿ ಕರೆದು, ಕಂಪ್ಯೂಟರ್ ಮೂಲಕ ಚೀಟಿ ಎತ್ತಿ ಯಾತ್ರಿಗಳನ್ನು ಆರಿಸುತ್ತದೆ. ವಯಸ್ಸು 18ರಿಂದ 70ರೊಳಗಿರಬೇಕು. ದಿಲ್ಲಿಯಲ್ಲಿ ವೈದ್ಯಕೀಯ ತಪಾಸಣೆ ಕಡ್ಡಾಯ. ಇಂಡಿ, ಸಿಂದಗಿ ಕಡೆಯವರು ಸೊಲ್ಲಾಪುರ ಅಥವಾ ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ನೇರ ದಿಲ್ಲಿ. ಯಾತ್ರೆ ಮುಗಿಸಿ ಬಂದ ಕನ್ನಡಿಗರಿಗೆ ರಾಜ್ಯದ ಮುಜರಾಯಿ ಇಲಾಖೆ 30,000 ರೂಪಾಯಿ ಸಹಾಯಧನ ಕೊಡುತ್ತದೆ. ಸರ್ಕಾರಿ ತಂಡದಲ್ಲಿ ಹೆಸರು ಬಾರದವರು ಖಾಸಗಿ ಟೂರ್‌ನವರ ಮೂಲಕ ನೇಪಾಳದ ಸಿಮಿಕೋಟ್–ಹಿಲ್ಸಾ ದಾರಿ ಹಿಡಿಯುವುದುಂಟು.

ತಕ್ಲಾಕೋಟ್‌ನ ಗಡಿಯಾರ

ಲಿಪುಲೇಖ್ ದಾಟಿದ ಮೇಲೆ ಸಿಗುವ ಮೊದಲ ಪೇಟೆ ತಕ್ಲಾಕೋಟ್. ಟಿಬೆಟನ್ನರು ಇದನ್ನು ಪುರಂಗ್ ಎನ್ನುತ್ತಾರೆ. ಅಷ್ಟು ವಿಶಾಲವಾದ ಚೀನಾಕ್ಕೆಲ್ಲ ಒಂದೇ ಸಮಯ, ಬೀಜಿಂಗ್‌ನದು. ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಹೀಗಾಗಿ ಸೂರ್ಯ ನೆತ್ತಿಗೆ ಬಂದಾಗ ಇಲ್ಲಿನ ಗಡಿಯಾರ ಮಧ್ಯಾಹ್ನ ಎರಡೂವರೆ ತೋರಿಸುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ. ಸಾವಿರಾರು ಕಿಲೋಮೀಟರ್ ದೂರದ ರಾಜಧಾನಿಯ ಹಿಡಿತ ಎಷ್ಟೆಂದು ಕೈಗಡಿಯಾರದ ಮುಳ್ಳು ತಿರುಗಿಸುವಾಗಲೇ ಗೊತ್ತಾಗುತ್ತದೆ.

ಯುವಾನ್ ನೋಟುಗಳ ಮೇಲೆ ಮಾವೋ ಚಿತ್ರ. ಅಂಗಡಿಗಳಲ್ಲಿ ಸ್ಥಳೀಯರು ಫೋನ್‌ನಿಂದಲೇ ಹಣ ಕೊಡುತ್ತಾರೆ, ನಮ್ಮವರು ನೋಟು ಎಣಿಸುತ್ತಾರೆ. ಅಲ್ಲಿನ ಇಂಟರ್‌ನೆಟ್‌ನಲ್ಲಿ ಗೂಗಲ್, ವಾಟ್ಸ್ಆ್ಯಪ್, ಫೇಸ್‌ಬುಕ್‌ಗಳಿಗೆ ತಡೆ ಇದೆ. ಮನೆಗೆ ಸುದ್ದಿ ಮುಟ್ಟಿಸಲು ಬೇರೆ ದಾರಿ ಹುಡುಕಬೇಕು.

ಊಟ, ವಸತಿ

ವಸತಿಗೃಹದ ಕೋಣೆಯಲ್ಲಿ ಕುದಿನೀರಿನ ಫ್ಲಾಸ್ಕ್ ಇರುತ್ತದೆ. ಬಿಸಿನೀರನ್ನೇ ಕುಡಿಯುವುದು ಚೀನಿಯರ ರೂಢಿ. ಟಿಬೆಟನ್ನರ ನಿತ್ಯದ ಆಹಾರ ಹುರಿದ ಬಾರ್ಲಿ ಹಿಟ್ಟಿನ ತ್ಸಂಪಾ, ಉಪ್ಪು-ಬೆಣ್ಣೆ ಹಾಕಿದ ಚಹಾ. ಸಸ್ಯಾಹಾರಿಗಳಿಗೆ ಹೊಂದುವುದು ಕಡಿಮೆ. ಹೀಗಾಗಿ ಲಿಪುಲೇಖ್ ಮಾರ್ಗದ ತಂಡದವರು ತಮ್ಮೊಳಗೇ ಹಣ ಕೂಡಿಸಿ ಅಡುಗೆಯವರನ್ನು ಗೊತ್ತುಮಾಡಿಕೊಂಡು, ದಿನಸಿಯನ್ನೂ ಜೊತೆಗೆ ಒಯ್ಯುವ ಪದ್ಧತಿ ಬೆಳೆದಿದೆ. ನಮ್ಮ ಕಡೆಯವರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಲಿಂಬೆ ಉಪ್ಪಿನಕಾಯಿ ಕೆಡದ ಬುತ್ತಿ. ಮಾನಸ ಸರೋವರಕ್ಕಿಳಿದು ಸ್ನಾನ ಮಾಡಲು ಈಚೆಗೆ ಬಿಡುವುದಿಲ್ಲ, ಬಕೆಟ್‌ನಲ್ಲಿ ನೀರು ತಂದು ದೂರದಲ್ಲಿ ಮೀಯಬೇಕು.

ದೇಹಕ್ಕೆ ಬೀಳುವ ಭಾರ

ವಿಜಯಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಮಾನಸ ಸರೋವರ ಸುಮಾರು 4,590 ಮೀಟರ್‌ನಲ್ಲಿ. ಕೈಲಾಸದ ಬುಡದಲ್ಲಿರುವ ದಾರ್ಚೆನ್‌ನಿಂದ ಮೂರು ದಿನದ, ಸುಮಾರು 52 ಕಿಲೋಮೀಟರ್‌ನ ಪರಿಕ್ರಮದಲ್ಲಿ ದಾಟಬೇಕಾದ ಡೋಲ್ಮಾ ಲಾ ಕಣಿವೆ 5,600 ಮೀಟರಿಗೂ ಎತ್ತರ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರತೀರದ ಅರ್ಧದಷ್ಟು. ದಾರಿಯ ಅಪಾಯ ಬೇರೆ. 1998ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಮಾಲ್ಪಾದಲ್ಲಿ ಗುಡ್ಡ ಕುಸಿದು ಸುಮಾರು 60 ಯಾತ್ರಿಗಳು ತೀರಿಹೋದರು. ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿ ಅವರಲ್ಲೊಬ್ಬರು. 2018ರ ಜುಲೈನಲ್ಲಿ ಹವಾಮಾನ ಕೆಟ್ಟು ನೇಪಾಳದ ದಾರಿಯಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದವರೇ ಸುಮಾರು 290 ಮಂದಿ ಇದ್ದರು.

ಕಂಡದ್ದು, ಕಾಣದ್ದು

ಹೋಗಿಬರುವುದು ಗುಂಪಿನಲ್ಲೇ. ಗೈಡ್ ಜೊತೆಗಿರಲೇಬೇಕು, ನಿಗದಿಯಾದ ದಾರಿ ಬಿಟ್ಟು ಅಲೆಯುವಂತಿಲ್ಲ, ಸೈನಿಕರ ಫೋಟೊ ತೆಗೆಯುವಂತಿಲ್ಲ. ನುಣ್ಣನೆಯ ಡಾಂಬರು ರಸ್ತೆ, ಹೊಸ ಕಟ್ಟಡ, ಮನೆಗಳ ಮೇಲಿನ ಕೆಂಪು ಬಾವುಟ ಕಣ್ಣಿಗೆ ಬೀಳುತ್ತವೆ. ಅಲ್ಲಿ ಬದುಕುವವರ ಮನಸ್ಸು ತಿಳಿಯುವುದಿಲ್ಲ. ದಲೈ ಲಾಮಾರ ಚಿತ್ರವನ್ನು ಒಯ್ಯುವುದೂ ಅಲ್ಲಿ ನಿಷಿದ್ಧ. ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ ನಿರಾಶ್ರಿತರ ಕ್ಯಾಂಪ್‌ನಲ್ಲಾದರೋ ಅದೇ ಚಿತ್ರ ಮನೆಮನೆಯ ಗೋಡೆಯ ಮೇಲಿದೆ. ಟಿಬೆಟ್ ನೆಲದ ಜನರ ಮಾತನ್ನು ಅಳುಕಿಲ್ಲದೆ ಕೇಳಬೇಕೆನ್ನುವ ವಿಜಯಪುರದವರು ಹೋಗಬೇಕಾದದ್ದು ದಾರ್ಚೆನ್‌ಗಲ್ಲ, ಮುಂಡಗೋಡಿಗೆ.